ಬಿಳಿ ಡೇರೆ ಹೂವಿನ ಮೇಲೆ ಬಿಳಿ ಜೇಡ, ಚೆಂಡು ಹೂವಿನ ಮೇಲೆ ಹಳದಿ ಜೇಡ: ಎರಡೂ ಒಂದೇನಾ?

ಹಿತ್ತಿಲ ಡೇರೆ (ತೀರ್ಥಹಳ್ಳಿ ಹತ್ತಿರ)

ಎಲ್ಲರಿಗೂ ನಮಸ್ಕಾರ. ಹುಳ, ಜೇಡಗಳ ಬಗ್ಗೆ ಗೊತ್ತಿರುವವರು ಇಲ್ಲಿ ಇದ್ದೀರಿ ಅಂತ ಬರೆಯುತ್ತಿದ್ದೇನೆ.

ನಮ್ಮ ಅಂಗಳದಲ್ಲಿ ಈ ಸಲ ಡೇರೆ ಚೆನ್ನಾಗಿ ಬಂದಿದೆ. ಪಕ್ಕದಲ್ಲೇ ಚೆಂಡು ಹೂ, ಸೇವಂತಿಗೆ. ಹಿತ್ತಿಲಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇದೆ, ಹಾಗಾಗಿ ಬಿಸಿಲು ಬಂದ ಕೂಡಲೇ ಹೂವಿನ ತುಂಬ ಜೇನುನೊಣ. ಮೊನ್ನೆ ಬಿಳಿ ಡೇರೆ ಮೇಲೆ ಒಂದು ನೊಣ ಅಲ್ಲಾಡದೆ ಕೂತಿತ್ತು. ಎಸಳು ಮುಟ್ಟಿದರೂ ಹಾರಲಿಲ್ಲ. ಬಗ್ಗಿ ನೋಡಿದರೆ ಅದರ ಕುತ್ತಿಗೆಗೆ ಒಂದು ಬಿಳಿ ಜೇಡ ಬಾಯಿ ಹಾಕಿದೆ! ಮೈ, ಕಾಲು ಎಲ್ಲ ಎಸಳಿನದೇ ಬಣ್ಣ. ಹೊಟ್ಟೆ ಹಿಂದುಗಡೆ ಅಗಲ, ಮುಂದಿನ ಎರಡು ಜೊತೆ ಕಾಲು ಉದ್ದ, ಹಿಂದಿನವು ಗಿಡ್ಡ. ಬಲೆ ಅಂತ ಎಲ್ಲೂ ಇಲ್ಲ. ಕಡ್ಡಿ ಹತ್ತಿರ ತಂದರೆ ಅಡ್ಡಡ್ಡ ನಡೆದು ಹೂವಿನ ಅಡಿಗೆ ಹೋಯಿತು, ಆದರೂ ನೊಣವನ್ನು ಮಾತ್ರ ಬಿಡಲಿಲ್ಲ.

ಇವತ್ತು ಬೆಳಿಗ್ಗೆ ಆ ಡೇರೆ ಖಾಲಿ. ಅಲ್ಲಿಂದ ಒಂದು ಮಾರು ದೂರದ ಚೆಂಡು ಹೂವಿನ ಮೇಲೆ ಅದೇ ಆಕಾರದ, ಅಷ್ಟೇ ದೊಡ್ಡ ಜೇಡ. ಆದರೆ ಅಚ್ಚ ಹಳದಿ.

ಇದು ಅದೇ ಜೇಡವಾ? ಬಣ್ಣ ಬದಲಿಸುವ ಜೇಡ ಇದೆ ಅಂತ ಎಲ್ಲೋ ಓದಿದ ನೆನಪು. ಇಷ್ಟು ಬೇಗ ಬದಲಿಸಲು ಆಗುತ್ತದಾ? ಪೂಜೆಗೆ ಹೂ ಕೊಯ್ಯುವಾಗ ಕೈಗೆ ಕಚ್ಚಿದರೆ ಏನು ಗತಿ ಅಂತ ನಮ್ಮ ಅತ್ತೆಗೆ ಹೆದರಿಕೆ. ಪೆಟ್ಟಿಗೆಯ ನೊಣ ಕಮ್ಮಿ ಆಗುತ್ತದೆ ಅಂತ ಯಜಮಾನರ ಚಿಂತೆ, ಕಂಡಲ್ಲಿ ತೆಗೆದು ಹಾಕು ಅನ್ನುತ್ತಾರೆ. ನನಗೆ ತೆಗೆಯುವ ಮನಸ್ಸೇ ಇಲ್ಲ. ಕೆಲಸದ ಮಧ್ಯೆ ಎದ್ದು ಹೋಗಿ ಅದನ್ನೇ ನೋಡುತ್ತಾ ನಿಂತುಬಿಡುತ್ತೇನೆ. ಸರಿಯಾಗಿ ನೋಡುವುದು ಹೇಗೆ, ಏನೇನು ಗಮನಿಸಬೇಕು ಅಂತ ಯಾರಾದರೂ ಹೇಳಿದರೆ ಉಪಕಾರ.

ಕಾನಂಚು (ಸಾಗರ)

ಅಕ್ಕಾ, ನೀವು ನೋಡಿದ್ದು ಏಡಿ ಜೇಡ. ನೀವು ಬರೆದಿರುವ ವಿವರಣೆಯಲ್ಲೇ ಗುರುತೆಲ್ಲ ಇದೆ. ಮುಂದಿನ ಎರಡು ಜೊತೆ ಕಾಲು ಉದ್ದ, ಅಡ್ಡ ನಡಿಗೆ, ಬಲೆ ಇಲ್ಲ. ಈ ಕುಟುಂಬಕ್ಕೆ ಥೋಮಿಸಿಡೆ ಅನ್ನುತ್ತಾರೆ, ಜಗತ್ತಿನಲ್ಲಿ 2,000ಕ್ಕೂ ಜಾಸ್ತಿ ಜಾತಿಗಳಿವೆ. ನಮ್ಮ ಕಡೆ ಹೂವಿನ ಮೇಲೆ ಬಿಳಿ, ಹಳದಿ, ತೆಳು ಗುಲಾಬಿ ಬಣ್ಣದಲ್ಲಿ ಕಾಣುವುದು ಹೆಚ್ಚಾಗಿ ಥೋಮಿಸಸ್ ಅನ್ನುವ ಕುಲದವು. ಎದುರಿನಿಂದ ಮುಖ ನೋಡಿ. ತಲೆಯ ಎರಡೂ ಬದಿಗೆ ಚೂಪಾದ ಮೂಲೆ ಎದ್ದಿರುತ್ತದೆ, ಪಕ್ಕದ ಕಣ್ಣುಗಳು ಅದರ ಮೇಲೆ ಕೂತಿರುತ್ತವೆ. ಹೊಟ್ಟೆಯ ಹಿಂಭಾಗದಲ್ಲೂ ಎಡಕ್ಕೊಂದು ಬಲಕ್ಕೊಂದು ಉಬ್ಬು. ಇವೆರಡೂ ಇದ್ದರೆ ಥೋಮಿಸಸ್ ಅಂತ ಧೈರ್ಯವಾಗಿ ಹೇಳಬಹುದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎರಡೂ ಬೇರೆ ಬೇರೆ ಜೇಡ ಅಂತ ನನ್ನ ಅಭಿಪ್ರಾಯ. ಬಣ್ಣ ಬದಲಿಸುವುದು ನಿಜ, ಆದರೆ ಅದು ಗೋಸುಂಬೆಯ ಕೆಲಸ ಅಲ್ಲ, ತುಂಬಾ ನಿಧಾನ. ಇದರ ಬಗ್ಗೆ ಚೆನ್ನಾಗಿ ಅಧ್ಯಯನ ಆಗಿರುವುದು ಮಿಸುಮೆನಾ ವಾಟಿಯಾ ಅನ್ನುವ ಜಾತಿಯಲ್ಲಿ. ಅದು ಯುರೋಪ್ ಮತ್ತು ಉತ್ತರ ಅಮೆರಿಕದ್ದು, ನಮ್ಮ ಮಲೆನಾಡಿನದ್ದಲ್ಲ. ಅದರ ಬೆಳೆದ ಹೆಣ್ಣು ಬಿಳಿಯಿಂದ ಹಳದಿಗೆ ಬರಲು 10ರಿಂದ 25 ದಿನ ಬೇಕು. ಹಳದಿಯಿಂದ ಬಿಳಿಗೆ ವಾಪಸ್ ಬರಲು ಸುಮಾರು 6 ದಿನ ಸಾಕು.

ಹೋಗುವಾಗ ನಿಧಾನ, ಬರುವಾಗ ಬೇಗ, ಯಾಕೆ ಅಂತ ನೋಡಿದರೆ ವಿಷಯ ಇನ್ನೂ ಚೆನ್ನಾಗಿದೆ. ಬಿಳಿ ಅನ್ನುವುದು ಅದರ ಮೈಯೊಳಗೆ ಇದ್ದೇ ಇದೆ. ಚರ್ಮದ ಹೊರಪದರ ಪಾರದರ್ಶಕ, ಅದರ ಕೆಳಗೆ ಗ್ವಾನಿನ್ ಅನ್ನುವ ವಸ್ತುವಿನ ಹರಳುಗಳಿವೆ, ಬೆಳಕು ಅದಕ್ಕೆ ಬಡಿದು ವಾಪಸ್ ಬಂದಾಗ ನಮಗೆ ಬಿಳಿ ಕಾಣುತ್ತದೆ. ಹಳದಿ ಆಗಬೇಕಾದರೆ ಹಳದಿ ಬಣ್ಣದ ದ್ರವವನ್ನು ಮೈ ಹೊಸದಾಗಿ ತಯಾರಿಸಿ ಹೊರಗಿನ ಜೀವಕೋಶಗಳಿಗೆ ತುಂಬಬೇಕು. ಬಿಳಿಗೆ ಮರಳಲು ಅದನ್ನು ತೆಗೆದುಹಾಕಿದರೆ ಆಯಿತು. ಮಾಡುವುದಕ್ಕೆ ಹೊತ್ತು ಹಿಡಿಯುತ್ತದೆ, ಬಿಸಾಡುವುದಕ್ಕೆ ಅಷ್ಟಿಲ್ಲ.

ತಾನು ಕೂತ ಹೂವಿನ ಬಣ್ಣ ಯಾವುದು ಅಂತ ಅದು ತಿಳಿಯುವುದು ಕಣ್ಣಿನಿಂದಲೇ. ಕಣ್ಣಿಗೆ ಬಣ್ಣ ಬಳಿದು ಮುಚ್ಚಿದ ಜೇಡಗಳು ಬಣ್ಣ ಬದಲಿಸಲಿಲ್ಲ ಅಂತ ಪ್ರಯೋಗಗಳಿಂದ ಗೊತ್ತಾಗಿದೆ. ನಮ್ಮ ಥೋಮಿಸಸ್ ಕುಲದಲ್ಲೂ ಬಣ್ಣ ಬದಲಿಸುವವು ಇವೆ. ಯುರೋಪಿನ ಥೋಮಿಸಸ್ ಒನಸ್ಟಸ್ ಬಿಳಿ, ಹಳದಿ, ಗುಲಾಬಿ ಮೂರೂ ಬಣ್ಣದಲ್ಲಿ ಸಿಗುತ್ತದೆ.

ಹಾಗಾಗಿ ಮೊನ್ನೆ ಬಿಳಿ ಇದ್ದದ್ದು ಇವತ್ತು ಅಚ್ಚ ಹಳದಿ ಆಗಿರಲಿಕ್ಕಿಲ್ಲ. ಆ ಬಿಳಿ ಜೇಡ ಇನ್ನೊಂದು ಡೇರೆಗೆ ಹೋಗಿ ಕೂತಿರಬೇಕು. ಎಸಳಿನ ಅಡಿಗೆಲ್ಲ ಹುಡುಕಿ ನೋಡಿ.

ಅತ್ತೆಯವರಿಗೆ ಹೆದರಬೇಡಿ ಅಂತ ಹೇಳಿ. ಈ ಜೇಡದ ವಿಷ ಹುಳಗಳಿಗೆ ಸಾಕು, ಮನುಷ್ಯರಿಗೆ ಅಪಾಯ ಇಲ್ಲ. ಹೂ ಅಲ್ಲಾಡಿದರೆ ಅದೇ ಓಡಿ ಅಡಿಗೆ ಸೇರುತ್ತದೆ, ಇಲ್ಲವೇ ನೂಲು ಬಿಟ್ಟು ಕೆಳಗೆ ಇಳಿಯುತ್ತದೆ. ಬಲೆ ಕಟ್ಟದಿದ್ದರೂ ಅದಕ್ಕೆ ನೂಲು ಇದೆ, ಓಡಾಡುವಾಗ ಹಿಂದೆ ಒಂದು ಎಳೆ ಅಂಟಿಸಿಕೊಂಡೇ ಹೋಗುತ್ತದೆ. ಕೊಯ್ಯುವ ಮೊದಲು ಹೂವನ್ನು ಸ್ವಲ್ಪ ಅಲ್ಲಾಡಿಸಿದರೆ ಆಯಿತು.

ಪೆಟ್ಟಿಗೆ ಜೇನು (ಹೊಸನಗರ)

ಜೇನಿನ ವಿಷಯಕ್ಕೆ ನಾನು ಹೇಳುತ್ತೇನೆ, ನಾವು ಹಳೆ ಕಾಲದಿಂದ ತುಡುವೆ ಸಾಕುವವರು.

ಯಜಮಾನರ ಚಿಂತೆ ಅರ್ಥ ಆಗುತ್ತದೆ. ಕಣ್ಣೆದುರಿಗೇ ನಮ್ಮ ನೊಣ ಸಾಯುವುದನ್ನು ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಲೆಕ್ಕ ನೋಡಿ. ಒಂದು ಒಳ್ಳೆ ಪೆಟ್ಟಿಗೆಯಲ್ಲಿ ಸಾವಿರಾರು ಕೆಲಸಗಾರ ನೊಣ ಇರುತ್ತವೆ. ಹೂವಿಗೆ ಬರುವವು ಅವುಗಳಲ್ಲಿ ವಯಸ್ಸಾದವು. ಎಳೆಯ ನೊಣಗಳು ಗೂಡಿನೊಳಗೆ ಮರಿ ನೋಡಿಕೊಂಡು, ಮೇಣ ಕಟ್ಟಿಕೊಂಡು ಇದ್ದು, ಕೊನೆಗೆ ಹೊರಗಿನ ಕೆಲಸಕ್ಕೆ ಬರುತ್ತವೆ. ಹೂವಿನ ಸುಗ್ಗಿಯಲ್ಲಿ ಒಂದು ಕೆಲಸಗಾರ ನೊಣದ ಆಯುಷ್ಯವೇ ಕೆಲವು ವಾರ. ರಾಣಿ ಸರಿ ಇದ್ದರೆ ಸಾಯುವ ನೊಣಗಳಿಗಿಂತ ಎಷ್ಟೋ ಜಾಸ್ತಿ ಮೊಟ್ಟೆ ಇಡುತ್ತದೆ. ನಿಮ್ಮ ಅಂಗಳದ ಜೇಡ ಒಂದು ನೊಣ ಹಿಡಿದರೆ ಅದನ್ನೇ ಗಂಟೆಗಟ್ಟಲೆ ಹೀರುತ್ತಾ ಕೂರುತ್ತದೆ. ಒಂದೇ ಹೊತ್ತಿಗೆ ಹತ್ತು ಹಿಡಿಯುವ ಪ್ರಾಣಿ ಅಲ್ಲ ಅದು.

ನಿಜವಾದ ಶತ್ರುಗಳು ಬೇರೆ ಇದ್ದಾರೆ. ಪೆಟ್ಟಿಗೆ ಬಾಗಿಲಲ್ಲೇ ನಿಂತು ಹಿಡಿಯುವ ಕಡಜ, ಸೋತ ಗೂಡಿಗೆ ನುಗ್ಗುವ ಮೇಣದ ಹುಳ, ತಂತಿ ಮೇಲೆ ಸಾಲಾಗಿ ಕೂತು ಹಾರುವ ನೊಣ ಹಿಡಿಯುವ ಕಳ್ಳಿಪೀರ. ರೋಗದ ಮಾತಂತೂ ಹೇಳುವುದೇ ಬೇಡ. 1991-92ರ ಹೊತ್ತಿಗೆ ಜೇನುಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆಯನ್ನು ಹೇಗೆ ಖಾಲಿ ಮಾಡಿತು ಅಂತ ನಮ್ಮ ಕಡೆಯ ಹಿರಿಯರನ್ನು ಕೇಳಿ, ಇವತ್ತಿಗೂ ಬೇಜಾರಲ್ಲೇ ಹೇಳುತ್ತಾರೆ. ಅದರ ಮುಂದೆ ಏಡಿ ಜೇಡ ಏನೂ ಅಲ್ಲ.

ಇನ್ನೊಂದು ಮಾತು, ಇದು ಮುಖ್ಯ. ಜೇಡ ಇದೆ, ಹುಳ ಇದೆ ಅಂತ ಅರಳಿದ ಹೂವಿಗೆ ಔಷಧಿ ಹೊಡೆಯಬೇಡಿ, ದಯವಿಟ್ಟು. ಆ ಹೂವಿಗೆ ಬಂದ ನೊಣ ಸಾಯುವುದು ಒಂದು ಕಡೆ. ಬದುಕಿ ಹೋದ ನೊಣ ಪರಾಗದ ಜೊತೆ ವಿಷವನ್ನೂ ಗೂಡಿಗೆ ಹೊತ್ತುಕೊಂಡು ಹೋಗುತ್ತದೆ, ಅದನ್ನು ತಿಂದು ಮರಿಗಳೂ ಹೋಗುತ್ತವೆ. ಜೇಡ ಇಡೀ ಸೀಸನ್ ಹಿಡಿದರೂ ಆಗದಷ್ಟು ನಷ್ಟ ಒಂದು ಸಲದ ಔಷಧಿಯಿಂದ ಆಗುತ್ತದೆ.

ನಿಮ್ಮ ತುಡುವೆ ಬರೀ ನಿಮ್ಮ ಅಂಗಳದ ಹೂವಿಗೆ ಬರುವುದೂ ಅಲ್ಲ. ಸುತ್ತ ಒಂದು ಕಿಲೋಮೀಟರ್ ತೋಟ, ಬೆಟ್ಟ, ಬ್ಯಾಣದ ಹುಲ್ಲುಗಾವಲು ಎಲ್ಲ ಅದರದೇ. ಜೇಡ ಅಲ್ಲಿಯೂ ಇದೆ, ಯಾವಾಗಲೂ ಇತ್ತು. ನೊಣಕ್ಕೂ ಅದು ಹೊಸದಲ್ಲ.

ಬ್ಯಾಣದ ಹಾದಿ (ಕೊಪ್ಪ)

ಒಳ್ಳೆ ಚರ್ಚೆ. ಕಾನಂಚು ಅವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ, ನಾವೆಲ್ಲ ಅಂದುಕೊಳ್ಳುವ ಒಂದು ಮಾತಿಗೆ ಸ್ವಲ್ಪ ತಕರಾರೂ ಇದೆ.

ಬಿಳಿ ಹೂವಿನ ಮೇಲೆ ಬಿಳಿ ಜೇಡ ಕೂತರೆ ಅದು ಜೇನುನೊಣಕ್ಕೆ ಕಾಣಬಾರದು ಅಂತಲೇ ಕೂತಿದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ನಮ್ಮ ಕಣ್ಣು ಬೇರೆ, ನೊಣದ ಕಣ್ಣು ಬೇರೆ. ಜೇನುನೊಣಕ್ಕೆ ನಮಗೆ ಕಾಣದ ಅತಿನೇರಳೆ ಬೆಳಕು ಕಾಣುತ್ತದೆ, ಕೆಂಪು ಕಾಣುವುದಿಲ್ಲ. ಬಿಳಿ ಹೂಗಳು ಸಾಮಾನ್ಯವಾಗಿ ಅತಿನೇರಳೆಯನ್ನು ಹೀರಿಕೊಳ್ಳುತ್ತವೆ. ಆಸ್ಟ್ರೇಲಿಯಾದ ಥೋಮಿಸಸ್ ಸ್ಪೆಕ್ಟಾಬಿಲಿಸ್ ಅನ್ನುವ ಏಡಿ ಜೇಡ ಅದನ್ನು ಪ್ರತಿಫಲಿಸುತ್ತದೆ. ಅಂದರೆ ನಮಗೆ ಕಾಣದೆ ಅಡಗಿದ ಜೇಡ ನೊಣಕ್ಕೆ ಹೂವಿನ ನಡುವೆ ಎದ್ದು ಕಾಣುತ್ತದೆ! 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಹೈಲಿಂಗ್, ಹರ್ಬರ್‌ಸ್ಟೈನ್, ಚಿಟ್ಕಾ ಅನ್ನುವ ಮೂವರು ಸಂಶೋಧಕರು ಇದನ್ನು ಬರೆದರು. ಜೇನುನೊಣಗಳು ಖಾಲಿ ಹೂವಿಗಿಂತ ಜೇಡ ಇರುವ ಹೂವಿನ ಕಡೆಗೇ ಜಾಸ್ತಿ ಬಂದವು. ಜೇಡ ಅಡಗಿ ಕೂತಿಲ್ಲ, ಕರೆಯುತ್ತಾ ಕೂತಿದೆ.

ಅದರ ಮುಂದಿನ ಭಾಗ ನನಗೆ ಇನ್ನೂ ಇಷ್ಟ. ಅಲ್ಲಿ ಪ್ರಯೋಗಕ್ಕೆ ಬಳಸಿದ್ದು ಯುರೋಪಿನ ಜೇನುನೊಣ, ಅದು ಆಸ್ಟ್ರೇಲಿಯಾಕ್ಕೆ ಹೊರಗಿನಿಂದ ಬಂದದ್ದು. ಮರುವರ್ಷ ಅವರಲ್ಲಿ ಇಬ್ಬರು ಆಸ್ಟ್ರೇಲಿಯಾದ ಮೂಲದ ಕುಟುಕದ ಪುಟ್ಟ ಜೇನಿನ ಮೇಲೆ ನೋಡಿದಾಗ, ಅವೂ ಜೇಡ ಇರುವ ಹೂವಿನ ಹತ್ತಿರ ಬಂದವು, ಆದರೆ ಇಳಿಯದೆ ತಿರುಗಿ ಹೋದವು. ಆ ಜೇಡದ ಜೊತೆ ತಲತಲಾಂತರದಿಂದ ಬದುಕಿದ ನೊಣಕ್ಕೆ ಅದರ ಆಟ ಗೊತ್ತು. ಇಲ್ಲಿ ನಮ್ಮಲ್ಲೂ ಕುಟುಕದ ಮಿಸ್ರಿ ಜೇನು ಇದೆ, ತುಡುವೆಯೂ ಇದೆ. ನಿಮ್ಮ ಅಂಗಳದಲ್ಲಿ ಒಂದು ಜೇಡದ ಹೂ, ಪಕ್ಕದಲ್ಲಿ ಅದೇ ಗಿಡದ ಖಾಲಿ ಹೂ, ಎರಡಕ್ಕೂ ಯಾರು ಬರುತ್ತಾರೆ, ಯಾರು ಇಳಿಯುತ್ತಾರೆ, ಯಾರು ಹತ್ತಿರ ಬಂದು ಸುಮ್ನೆ ತಿರುಗಿ ಹೋಗುತ್ತಾರೆ ಅಂತ ಗೀಟು ಹಾಕಿ ಬರೆದಿಟ್ಟರೆ ಅದು ನಿಜವಾದ ಕೆಲಸ. ದುಡ್ಡು ಬೇಡ, ಉಪಕರಣ ಬೇಡ, ತಾಳ್ಮೆ ಬೇಕು ಅಷ್ಟೇ.

ತಕರಾರು ಏನೆಂದರೆ, ಬಣ್ಣ ಹೊಂದಿದರೆ ಬೇಟೆ ಜಾಸ್ತಿ ಸಿಗುತ್ತದೆ ಅಂತ ಸುಲಭವಾಗಿ ನಂಬಬಾರದು. ಮಿಸುಮೆನಾ ಮೇಲೆಯೇ 2010ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹೂವಿನ ಬಣ್ಣಕ್ಕೆ ಹೊಂದಿದ ಜೇಡಕ್ಕೂ ಹೊಂದದ ಜೇಡಕ್ಕೂ ಬೇಟೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಬಣ್ಣ ಹೊಂದದೆ ಕೂತ ಜೇಡ ಕಂಡರೆ ಅದನ್ನೂ ಬಿಡಬೇಡಿ, ಅದು ಏನು ಹಿಡಿಯುತ್ತದೆ ನೋಡಿ. ನೆಕ್ಕರಿಕದ ನೇರಳೆ ಹೂವಿನ ಮೇಲೆ ಬೆಳ್ಳಗಿನ ಜೇಡ ದೂರಕ್ಕೇ ಕಾಣುವ ಹಾಗೆ ಕೂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹುಡುಕುವುದು ಹೇಗೆ ಅಂತ ಕೇಳಿದ್ದೀರಿ. ಜೇಡವನ್ನು ಹುಡುಕಬೇಡಿ, ಅಲ್ಲಾಡದ ನೊಣವನ್ನು ಹುಡುಕಿ. ನೀವು ಮೊದಲ ಸಲ ಕಂಡುಹಿಡಿದದ್ದೂ ಹಾಗೇ ಅಲ್ವಾ! ಹೂವಿನ ಮೇಲೆ ತಲೆ ಕೆಳಗಾಗಿ ನೇತಾಡುವ ಚಿಟ್ಟೆ, ರೆಕ್ಕೆ ಅರ್ಧ ಬಿಚ್ಚಿ ನಿಂತುಬಿಟ್ಟ ನೊಣ ಕಂಡರೆ ಹತ್ತಿರದಲ್ಲೇ ಜೇಡ ಇರುತ್ತದೆ. ಹೂವಿನ ಕೆಳಗಿನ ಎಲೆಗಳ ಮೇಲೂ ಕಣ್ಣಾಡಿಸಿ, ಹೀರಿ ಬಿಟ್ಟ ನೊಣದ ಚಿಪ್ಪು ಬಿದ್ದಿರುತ್ತದೆ. ಬೇರೆ ಎಷ್ಟೋ ಜೇಡಗಳು ಬೇಟೆಯನ್ನು ಜಗಿದು ಮುದ್ದೆ ಮಾಡುತ್ತವೆ. ಏಡಿ ಜೇಡದ ಕೋರೆಯಲ್ಲಿ ಜಗಿಯುವ ಹಲ್ಲಿಲ್ಲ. ಕಚ್ಚಿದ ತೂತಿನಿಂದಲೇ ಒಳಗೆ ರಸ ಬಿಟ್ಟು, ಕರಗಿದ್ದನ್ನು ಎಳನೀರು ಕುಡಿದ ಹಾಗೆ ಹೀರಿ ಮುಗಿಸುತ್ತದೆ. ಕೊನೆಗೆ ನೊಣ ನೋಡಲು ಹಾಗೇ ಇರುತ್ತದೆ, ಒಳಗೆ ಮಾತ್ರ ಏನೂ ಇರುವುದಿಲ್ಲ.

ನಿಮ್ಮ ನೆರಳು ಹೂವಿನ ಮೇಲೆ ಬೀಳದ ಕಡೆ ನಿಲ್ಲಿ. ಜೇಡ ಸಿಕ್ಕಿದ ಹೂವಿನ ತೊಟ್ಟಿಗೆ ಒಂದು ಬಣ್ಣದ ದಾರ ಸಡಿಲವಾಗಿ ಕಟ್ಟಿ, ನಾಳೆ ಅದೇ ಹೂ ಸಿಗುತ್ತದೆ. ಹೂ ಬಾಡಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಕಾದು ನೋಡುವುದೇ ದೊಡ್ಡ ಸಂತೋಷ. ಆಸ್ಟ್ರೇಲಿಯಾದ ಅದೇ ಜೇಡ ಹೂವಿನ ಪರಿಮಳ ಹಿಡಿದು ಜಾಗ ಆರಿಸುತ್ತದೆ, ಜೇನುನೊಣ ಮೆಚ್ಚುವ ಪರಿಮಳದ ಹೂವನ್ನೇ ಅದೂ ಮೆಚ್ಚುತ್ತದೆ ಅಂತ ಗೊತ್ತಾಗಿದೆ.

ಅಂಗಳ ಸಾಕಾದ ಮೇಲೆ ರಸ್ತೆ ಪಕ್ಕದ ತುಂಬೆ, ಲಂಟಾನ, ಮಳೆಗಾಲ ಮುಗಿದ ಮೇಲೆ ಯುಪಟೋರಿಯಂ ಹೂ ನೋಡಿ. ಕಾಫಿ ತೋಟ ಇರುವವರು ಹೂ ಅರಳುವ ವಾರ ಬಿಡಲೇಬೇಡಿ. ಬ್ಯಾಣದ ಹುಲ್ಲಿನ ತೆನೆಯಲ್ಲಿ ರಂಸೀನಿಯಾ ಅನ್ನುವ ಉದ್ದ ಮೈಯ ಏಡಿ ಜೇಡ ಸಿಗುತ್ತದೆ, ಎಲೆಯ ಮೇಲೆ ಆಕ್ಸಿಟೇಟ್ ಅನ್ನುವ ಪೂರ್ತಿ ಹಸಿರಿನದು.

ಹಿತ್ತಿಲ ಡೇರೆ

ಎಲ್ಲರಿಗೂ ಧನ್ಯವಾದ. ಪೆಟ್ಟಿಗೆ ಜೇನು ಅವರು ಬರೆದದ್ದನ್ನು ಯಜಮಾನರಿಗೆ ಓದಿ ಹೇಳಿದೆ. ಕಡಜದ ಮಾತು ಬಂದ ಕೂಡಲೇ ಒಪ್ಪಿಕೊಂಡರು, ನಮ್ಮ ಪೆಟ್ಟಿಗೆಗೂ ಅದರ ಕಾಟ ಇದೆ. ಜೇಡ ಇರಲಿ ಅಂತ ಆಗಿದೆ.

ಬಿಳಿ ಜೇಡವೂ ಸಿಕ್ಕಿತು, ಕಾನಂಚು ಅವರು ಹೇಳಿದ ಹಾಗೆ ಇನ್ನೊಂದು ಡೇರೆಯ ಅಡಿಯಲ್ಲೇ ಇತ್ತು. ಅಂದರೆ ಎರಡೂ ಬೇರೆಯೇ! ದಾರ ಕಟ್ಟಿದ್ದೇನೆ. ಮುಖದ ಮೂಲೆಗಳೂ ಕಂಡವು.

ಈಗ ಹೊಸ ಪ್ರಶ್ನೆಗಳು. ಹಳದಿ ಜೇಡದ ಬೆನ್ನ ಮೇಲೆ ಕಂದು ಬಣ್ಣದ ಒಂದು ಪುಟ್ಟ ಜೇಡ ಕೂತಿದೆ. ಅದರ ಮರಿಯಾ? ಬಿಳಿ ಜೇಡ ಹಿಡಿದ ನೊಣದ ಮೇಲೆ ಸಣ್ಣ ಸಣ್ಣ ಕಪ್ಪು ನೊಣಗಳು ಮುತ್ತಿವೆ. ಜೇಡ ಅವನ್ನು ಹಿಡಿಯುವುದೂ ಇಲ್ಲ, ಓಡಿಸುವುದೂ ಇಲ್ಲ. ಅವು ಯಾಕೆ ಬಂದಿವೆ? ಆಮೇಲೆ ದಾಸವಾಳದ ಒಂದು ಎಲೆ ಮಡಚಿಕೊಂಡಿತ್ತು. ಸ್ವಲ್ಪ ಬಿಡಿಸಿ ನೋಡಿದರೆ ಒಳಗೆ ಬಿಳಿ ನೂಲಿನ ಚಪ್ಪಟೆ ಗಂಟು, ಅದರ ಮೇಲೆ ಬಡಕಲಾದ ಇನ್ನೊಂದು ಏಡಿ ಜೇಡ. ಮುಟ್ಟಲು ಹೋದರೂ ಓಡಲಿಲ್ಲ. ಬೇಗ ಎಲೆ ಬಿಟ್ಟುಬಿಟ್ಟೆ.

ಕಾನಂಚು (ಸಾಗರ)

ಅಕ್ಕಾ, ಒಂದೇ ಅಂಗಳದಲ್ಲಿ ಇಡೀ ಸಂಸಾರ ಸಿಕ್ಕಿದೆಯಲ್ಲ ನಿಮಗೆ!

ಬೆನ್ನ ಮೇಲಿರುವುದು ಮರಿ ಅಲ್ಲ, ಗಂಡು. ಥೋಮಿಸಸ್‌ನಲ್ಲಿ ಗಂಡು ಹೆಣ್ಣಿನ ಗಾತ್ರ ಅಷ್ಟು ಬೇರೆ. ಗಂಡು ಎರಡು ಮೂರು ಮಿಲಿಮೀಟರ್ ಇದ್ದರೆ ಹೆಚ್ಚು, ಹೆಣ್ಣು ಅದರ ಮೂರು ಪಟ್ಟು ಇರಬಹುದು. ಬಣ್ಣವೂ ಬೇರೆ, ಗಂಡು ಕಂದು. ಹೆಣ್ಣಿನ ಬೆನ್ನ ಮೇಲೆ ಹೀಗೆ ಕೂತಿರುವುದು ಸಾಮಾನ್ಯ ನೋಟ. ಆ ಹೂವನ್ನು ದಿನಾ ನೋಡಿ, ಮುಖದ ಎರಡು ಬದಿಯ ಗಿಡ್ಡ ಕೈಗಳ ತುದಿ ದಪ್ಪ ಇದ್ದರೆ ಗಂಡು ಅನ್ನುವುದು ಖಾತ್ರಿ.

ಸಣ್ಣ ಕಪ್ಪು ನೊಣಗಳು ಮಿಲಿಕಿಡೆ ಕುಟುಂಬದವು. ಜೇಡ ಹಿಡಿದ ಬೇಟೆಯಿಂದ ಒಸರುವ ರಸ ಕುಡಿಯಲು ಬರುತ್ತವೆ. ಬೇರೆಯವರ ಬೇಟೆಯಲ್ಲಿ ಪಾಲು ಪಡೆದೇ ಬದುಕುವ ನೊಣಗಳು. ಜೇನುನೊಣ ಹಿಡಿದ ಸ್ವಲ್ಪ ಹೊತ್ತಿಗೇ ಬಂದು ಸೇರುತ್ತವೆ. ಜೇಡದ ಬಾಯಿ ತುಂಬ ಆ ಹೊತ್ತಿಗೆ ದೊಡ್ಡ ಬೇಟೆ ಇರುತ್ತದೆ, ಇಷ್ಟು ಪುಟ್ಟ ನೊಣದ ಗೊಡವೆಗೆ ಅದು ಹೋಗುವುದಿಲ್ಲ.

ಮಡಚಿದ ಎಲೆ ನೀವು ಬೇಗ ಬಿಟ್ಟದ್ದು ಒಳ್ಳೆಯದಾಯಿತು. ಅದು ಮೊಟ್ಟೆಯ ಚೀಲ, ಮೇಲಿರುವುದು ತಾಯಿ. ಹೆಣ್ಣು ಎಲೆಯನ್ನು ನೂಲಿನಿಂದ ಮಡಚಿ ಕಟ್ಟಿ ಒಳಗೆ ಮೊಟ್ಟೆ ಇಟ್ಟು ಕಾಯುತ್ತಾ ಕೂರುತ್ತದೆ. ಮೊಟ್ಟೆ ಇಟ್ಟ ಮೇಲೆ ಹೊಟ್ಟೆ ಇಳಿದುಹೋಗುವುದರಿಂದ ಬಡಕಲು ಕಾಣುತ್ತದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಡಗ್ಲಸ್ ಮೋರ್ಸ್ ಅನ್ನುವ ವಿಜ್ಞಾನಿ ಮಿಸುಮೆನಾವನ್ನು ಹೊಲದ ಹೂಗಳಲ್ಲೇ ವರ್ಷಗಟ್ಟಲೆ ನೋಡಿದರು. ಆ ಜಾತಿಯ ಹೆಣ್ಣು ಸಾಮಾನ್ಯವಾಗಿ ಬದುಕಿನಲ್ಲಿ ಒಂದೇ ಸಲ ಮೊಟ್ಟೆ ಇಡುತ್ತದೆ. ಹೂವಿನ ಮೇಲೆ ಕೂತು ಹಿಡಿದ ಜೇನು, ಚಿಟ್ಟೆ ಎಲ್ಲವೂ ಆ ಒಂದು ಚೀಲಕ್ಕೆ ಹೋಗುತ್ತದೆ. ಯಾವ ಹೂವಿನ ಮೇಲೆ ಕೂತೆ ಅನ್ನುವುದೇ ಎಷ್ಟು ಮೊಟ್ಟೆ ಅನ್ನುವುದನ್ನು ತೀರ್ಮಾನಿಸುತ್ತದೆ. ಇದನ್ನು ತಿಳಿದ ಮೇಲೆ ಹೂವಿನ ಮೇಲೆ ಸುಮ್ನೆ ಕೂತ ಜೇಡವನ್ನು ನಾನು ಬೇರೆ ಕಣ್ಣಲ್ಲಿ ನೋಡುತ್ತೇನೆ.

ಆ ದಾಸವಾಳದ ಕೊಂಬೆ ಕತ್ತರಿಸಬೇಡಿ, ನೀರು ಹಾಕುವಾಗ ಪೈಪ್ ಬಿಡಬೇಡಿ. ಮರಿಗಳು ಹೊರಗೆ ಬಂದ ಮೇಲೆ ಎಲೆಯ ತುದಿಗೆ ಹತ್ತಿ ನೂಲು ಗಾಳಿಗೆ ಬಿಟ್ಟು ಹಾರಿಹೋಗುತ್ತವೆ. ಗಾಳಿ ಹಿತವಾಗಿ ಬೀಸುವ ಬಿಸಿಲಿನ ದಿನ ನೋಡಿಕೊಳ್ಳಿ.

ಜೇಡಕ್ಕೂ ಶತ್ರುಗಳಿದ್ದಾರೆ. ನಿಮ್ಮ ಮನೆಯ ಕಿಟಕಿ ಮೂಲೆಯಲ್ಲಿ ಕುಂಬಾರ ಹುಳದ ಮಣ್ಣಿನ ಗೂಡು ಇರಬಹುದು. ಹಳೆಯದು ಉದುರಿ ಬಿದ್ದರೆ ಒಳಗೆ ನೋಡಿ, ಕುಟುಕಿ ನಿಶ್ಚಲ ಮಾಡಿ ಮರಿಗೆ ಅಂತ ತುಂಬಿಟ್ಟ ಜೇಡಗಳಲ್ಲಿ ಏಡಿ ಜೇಡವೂ ಸಿಗುತ್ತದೆ.

ಚಗಳಿ ಮರ (ಶಿವಮೊಗ್ಗ)

ತಡವಾಗಿ ಓದಿದೆ. ನಮ್ಮದು ಪೇಟೆ, ಟೆರೇಸ್ ಮೇಲಿನ ಕುಂಡಗಳು. ಇಲ್ಲಿಯೂ ಸೇವಂತಿಗೆ ಮೇಲೆ ಏಡಿ ಜೇಡ ಬರುತ್ತದೆ. ಮರಿಗಳು ಗಾಳಿಯಲ್ಲಿ ಬರುತ್ತವೆ ಅಂತ ಓದಿದ ಮೇಲೆ ಎರಡನೇ ಮಹಡಿಗೆ ಹೇಗೆ ಬಂತು ಅನ್ನುವುದು ಅರ್ಥ ಆಯಿತು.

ಹೂವಿನಿಂದ ಸ್ವಲ್ಪ ಆಚೆ ಹೋಗುತ್ತೇನೆ, ಆದರೆ ಇದೇ ಕುಟುಂಬದ ವಿಷಯ. ಊರಿನ ಮಾವಿನ ಮರದಲ್ಲಿ ಚಗಳಿ (ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ) ಗೂಡು ಇದ್ದವರು ಅದರ ಸಾಲನ್ನು ನಿಧಾನವಾಗಿ ನೋಡಿ. ಚಟ್ನಿಗೆ ಕೊಟ್ಟೆ (ಗೂಡು) ಇಳಿಸುವವರಿಗೆ ಆ ಇರುವೆಯ ಕಡಿತ ಗೊತ್ತೇ ಇದೆ. ಆ ಸಾಲಿನ ಪಕ್ಕದಲ್ಲೇ ಒಂದು ಇರುವೆ ಬೇರೆಯಾಗಿ ನಿಂತಿದ್ದರೆ, ಕಾಲು ಎಣಿಸಿ. ಎಂಟು ಇದ್ದರೆ ಅದು ಅಮಿಸಿಯಾ ಫಾರ್ಟಿಸೆಪ್ಸ್ ಅನ್ನುವ ಏಡಿ ಜೇಡ ಇರಬಹುದು. ಮೈ ಬಣ್ಣ ಚಗಳಿಯದೇ. ಹೊಟ್ಟೆಯ ಹಿಂತುದಿಯಲ್ಲಿ ಎರಡು ಕಪ್ಪು ಚುಕ್ಕೆ, ಅದು ಇರುವೆಯ ಕಣ್ಣು ಅನ್ನಿಸಬೇಕು. ಮುಂದಿನ ಕಾಲುಗಳನ್ನು ಇರುವೆಯ ಮೀಸೆಯ ರೀತಿ ಆಡಿಸುತ್ತದೆ. ಗುಂಪಿನಿಂದ ಬೇರೆಯಾದ ಒಂದು ಚಗಳಿ ಸಿಕ್ಕಿದರೆ ಹಿಂದಿನಿಂದ ಹಿಡಿದು, ನೂಲಿನಲ್ಲಿ ಕೆಳಗೆ ಜೋತುಬಿದ್ದು, ಉಳಿದ ಇರುವೆಗಳ ಕೈಗೆ ಸಿಗದ ಜಾಗದಲ್ಲಿ ನೇತಾಡುತ್ತಾ ತಿನ್ನುತ್ತದೆ. ನಾನು ನೋಡಿದ ಏಡಿ ಜೇಡಗಳಲ್ಲೆಲ್ಲ ಇದೇ ನನಗೆ ಹೆಚ್ಚು ಅಚ್ಚರಿ, ಮಾರಾಯ್ರೆ.

ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದದ್ದು ಕಂಡರೂ ಒಂದು ಸಲ ಬಗ್ಗಿ ನೋಡಿ. ಫ್ರಿನರಾಕ್ನೆ ಅನ್ನುವ ಏಡಿ ಜೇಡ ಥೇಟ್ ಹಿಕ್ಕೆಯೇ ಅನ್ನಿಸುವ ಮೈ ಮಾಡಿಕೊಂಡು ಕೂತಿರುತ್ತದೆ.

ಒಂದು ಪ್ರಶ್ನೆ ನನ್ನದೂ ಇದೆ. ಜೇಡ ಹೂವಿಗೆ ಬರುವ ನೊಣ ಹಿಡಿದರೆ ಗಿಡಕ್ಕೆ ನಷ್ಟ ಅಲ್ವಾ? ಪರಾಗ ಹೊತ್ತು ಬಂದದ್ದನ್ನೇ ತಿಂದುಬಿಟ್ಟರೆ ಕಾಯಿ ಕಟ್ಟುವುದು ಹೇಗೆ?

ಬ್ಯಾಣದ ಹಾದಿ (ಕೊಪ್ಪ)

ಚಗಳಿ ಮರ ಅವರ ಪ್ರಶ್ನೆಗೆ ಒಂದು ಚಂದದ ಉತ್ತರ 2018ರಲ್ಲಿ ಬಂದಿದೆ. ಜ್ಯೂರಿಕ್ ವಿಶ್ವವಿದ್ಯಾಲಯದವರು ಸಾಸಿವೆ ಜಾತಿಯ ಬಿಸ್ಕುಟೆಲ್ಲ ಅನ್ನುವ ಹಳದಿ ಹೂವಿನ ಗಿಡದಲ್ಲಿ, ಮೇಲೆ ಹೇಳಿದ ಥೋಮಿಸಸ್ ಒನಸ್ಟಸ್ ಜೇಡವನ್ನೇ ನೋಡಿದರು. ಹೂ ತಿನ್ನುವ ಹುಳ ಬಿದ್ದಾಗ ಆ ಗಿಡ ಒಂದು ಪರಿಮಳವನ್ನು ಜಾಸ್ತಿ ಬಿಡುತ್ತದೆ. ಆ ಪರಿಮಳಕ್ಕೆ ಏಡಿ ಜೇಡ ಬರುತ್ತದೆ, ಬಂದು ಆ ಹುಳಗಳನ್ನು ತಿನ್ನುತ್ತದೆ. ಹುಳದ ಕಾಟ ಇದ್ದಾಗ ಜೇಡ ಇರುವುದರಿಂದ ಗಿಡಕ್ಕೆ ಲಾಭ. ಹುಳ ಇಲ್ಲದೆ ಬರೀ ಜೇನು ಬರುವ ಕಡೆ ಜೇಡ ಗಿಡಕ್ಕೆ ಹೊರೆ ಆಗಬಹುದು. ಹಾಗಾಗಿ ಒಳ್ಳೆಯದು ಕೆಟ್ಟದ್ದು ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಲು ಬರುವುದಿಲ್ಲ, ಯಾವ ಹೂ, ಯಾವ ಹುಳ, ಯಾವ ತಿಂಗಳು ಅಂತ ನೋಡಬೇಕು. ಅಕ್ಕಾ, ನಿಮ್ಮ ಡೇರೆ ಎಸಳನ್ನು ಹುಳ ತಿನ್ನುತ್ತದಾ ಅಂತಲೂ ಬರೆದಿಡಿ. ಜೇಡ ಇರುವ ಹೂ, ಇಲ್ಲದ ಹೂ, ಎರಡರಲ್ಲೂ.

ಫೋಟೋ ಹಾಕುವುದಾದರೆ ಮೇಲಿನಿಂದ ಒಂದು, ಎದುರಿನಿಂದ ಕಣ್ಣು ಕಾಣುವ ಹಾಗೆ ಒಂದು, ಬದಿಯಿಂದ ಒಂದು. ಫ್ಲ್ಯಾಶ್ ಬೇಡ, ಬಿಳಿ ಜೇಡ ಪೂರ್ತಿ ಬೆಳ್ಳಗಾಗಿ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಬೆಳಗಿನ ಓರೆ ಬಿಸಿಲು ಸಾಕು. ಮೊಬೈಲ್‌ನಲ್ಲಿ ಜೇಡದ ಮೇಲೆ ಬೆರಳೊತ್ತಿ ಫೋಕಸ್ ನಿಲ್ಲಿಸಿ, ಬೆಳಕನ್ನು ಸ್ವಲ್ಪ ತಗ್ಗಿಸಿ. ಹೂವಿನ ಹೆಸರು, ದಿನಾಂಕ, ಊರು ಸೇರಿಸಿ ಐನ್ಯಾಚುರಲಿಸ್ಟ್ ಜಾಲತಾಣಕ್ಕೂ ಹಾಕಿ. ಥೋಮಿಸಸ್‌ನಲ್ಲಿ ಜಾತಿಯ ಮಟ್ಟಕ್ಕೆ ಹೆಸರು ಹೇಳಲು ಜನನಾಂಗದ ಭಾಗವನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕಾಗುತ್ತದೆ, ಹಾಗಾಗಿ ಬರೀ ಕುಲದ ಹೆಸರು ಬಂದರೆ ಬೇಜಾರು ಬೇಡ. ಹಳದಿ ಹೆಣ್ಣು ಮತ್ತು ಅದರ ಬೆನ್ನ ಮೇಲಿನ ಗಂಡು ಒಟ್ಟಿಗೆ ಇರುವ ಫೋಟೋ ಮಾತ್ರ ತಪ್ಪಿಸಬೇಡಿ, ಇವತ್ತು ಸಂಜೆಯೊಳಗೇ ತೆಗೆಯಿರಿ, ಗಂಡು ಎಷ್ಟು ಹೊತ್ತಿಗೆ ಬೇಕಾದರೂ ಬೇರೆ ಹೂವಿಗೆ ಹೋಗಬಹುದು.